ಕಫದ ಟೆಸ್ಟ್ ಕೈಕೊಟ್ಟಿತಾ? ಎಲ್ಲಿ ಎಡವಟ್ಟಾಯಿತು ಅಂತ ಹುಡುಕುವ ಬಗೆ

ಕಫದ ರಿಪೋರ್ಟ್ ನೆಗೆಟಿವ್ ಬಂತು ಅಂತ ಖುಷಿಪಡುವ ಮೊದಲು ಒಂದು ಮಾತು ಕೇಳಿಕೊಳ್ಳಿ. ಡಬ್ಬಿಯಲ್ಲಿ ಕೊಟ್ಟಿದ್ದು ಕಫವೇನಾ, ಇಲ್ಲಾ ಬರೀ ಉಗುಳಾ? ಮುಂಬೈಯ ಒಂದು ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವನು ನಾನು. ಧಾರಾವಿ, ಸಾಯನ್ ಕಡೆಯ ಕಲಬುರಗಿ, ಯಾದಗಿರಿಯ ಜನ ಬರುತ್ತಾರೆ. ಹೋಟೆಲ್‌ನಲ್ಲಿ ದುಡಿಯುವ ಕುಂದಾಪುರ, ಕಾರ್ಕಳದ ಹುಡುಗರೂ ಬರುತ್ತಾರೆ. ಕಾಯಿಲೆ ಏನೇ ಇರಲಿ, ತೊಂದರೆ ಹೆಚ್ಚಾಗಿ ಒಂದೇ. ಯಂತ್ರ ಲಕ್ಷಗಟ್ಟಲೆಯದು, ಒಳಗೆ ಹೋಗುವ ಮಾಲು ಮಾತ್ರ ಸರಿಯಿಲ್ಲ. ಕೆಟ್ಟ ಸ್ಯಾಂಪಲ್ ಮೇಲೆ ಬಂದ ನೆಗೆಟಿವ್ ರಿಪೋರ್ಟನ್ನು ನಾನಂತೂ ರಿಪೋರ್ಟ್ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿರುವುದು ಕಣ್ಣಿಗೆ ಕಾಣುವ ಲಕ್ಷಣ ಹಿಡಿದು ಕಾರಣ ಹುಡುಕುವ ದಾರಿ. ಖರ್ಚಿಲ್ಲದ್ದು ಮೊದಲು, ಕಷ್ಟದ್ದು ಆಮೇಲೆ.

ಡಬ್ಬಿ ತೆರೆಯುವ ಮುಂಚೆ

ಕಫದಲ್ಲಿ ಟಿಬಿ ಇದ್ದರೆ ಅದು ಗಾಳಿಯಲ್ಲಿ ಹರಡುತ್ತದೆ. ಹಾಗಾಗಿ ಕೆಮ್ಮುವುದು ಬಯಲಲ್ಲಿ. ಟೆರೇಸ್ ಇದ್ದರೆ ಟೆರೇಸ್, ಇಲ್ಲದಿದ್ದರೆ ಚಾಳಿನ ಗ್ಯಾಲರಿಯ ತುದಿಯಲ್ಲಿ, ಹೊರಗೆ ಮುಖ ಮಾಡಿ. ಎಲ್ಲರೂ ಬಳಸುವ ಬಾತ್‌ರೂಮ್ ಬೇಡವೇ ಬೇಡ, ಅಲ್ಲಿ ಗಾಳಿಯಾಡುವುದಿಲ್ಲ, ನಿಮ್ಮ ಹಿಂದೆಯೇ ಇನ್ನೊಬ್ಬರು ಬಕೆಟ್ ಹಿಡಿದು ನಿಂತಿರುತ್ತಾರೆ. ಹತ್ತು ಜನ ಮಲಗುವ ಹೋಟೆಲ್ ರೂಮಿನಲ್ಲೂ ಬೇಡ. ಜೊತೆಗೆ ಬಂದವರು ಎದುರಿಗೆ ನಿಲ್ಲದೆ ಹಿಂದೆ, ಸ್ವಲ್ಪ ದೂರ ನಿಲ್ಲಲಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಫ ನೆಲಕ್ಕೆ ಬಿದ್ದರೆ ಅದರ ಮೇಲೆ ಪೇಪರ್ ಹಾಸಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಸುರಿದು, ಅರ್ಧ ಗಂಟೆ ಬಿಟ್ಟು ಒರೆಸಿ. ಕಿಟಕಿ ತೆರೆದಿರಲಿ. ಆ ನೀರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ.

ಡಬ್ಬಿ ತುಂಬ ನೊರೆ, ತಳದಲ್ಲಿ ನೀರು

ಅತಿ ಹೆಚ್ಚು ನೋಡುವ ಎಡವಟ್ಟು ಇದು. ಮುಚ್ಚಳ ಬಿಗಿ ಮಾಡಿ, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿ ನೋಡಿ. ಉಗುಳಾದರೆ ತಕ್ಷಣ ಓಡಿ ಕೆಳಗಿನ ಮೂಲೆ ಸೇರುತ್ತದೆ, ಮೇಲೆ ಗುಳ್ಳೆಗಳು ನಿಲ್ಲುತ್ತವೆ, ಆಚೆಗಿರುವ ನಿಮ್ಮ ಬೆರಳು ಕಾಣುತ್ತದೆ. ಕಫವಾದರೆ ಗೋಡೆಗೆ ಅಂಟಿಕೊಂಡು ದಪ್ಪ ಗಂಜಿಯ ಹಾಗೆ ತಡವಾಗಿ ಜಾರುತ್ತದೆ. ಒಳಗೆ ಹಳದಿ, ಹಸಿರು ಅಥವಾ ಬೂದು ಬಣ್ಣದ ಎಳೆ, ಚೂರುಗಳು ಇರುತ್ತವೆ. ಬೇಕಾಗಿರುವುದು ಅದೇ.

ಪ್ರಮಾಣ 2ರಿಂದ 5 ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚದಿಂದ ಒಂದು ಚಮಚ. ಡಬ್ಬಿ ತುಂಬಿಸಿಕೊಡಬೇಕು ಅಂದುಕೊಂಡು ಕೆಲವರು ಅರ್ಧ ಗಂಟೆ ಉಗುಳುತ್ತಾ ಕೂರುತ್ತಾರೆ. ಮೊನ್ನೆ ಒಬ್ಬರು ಅಂಚಿನವರೆಗೆ ತುಂಬಿಸಿ ತಂದರು. ‘ಕಾಕಾ, ಇದು ಉಗುಳು ಐತ್ರಿ’ ಅಂದೆ. ‘ಮುಂಜಾನೆಯಿಂದ ಕುಂತೀನಿ ತಮ್ಮಾ, ಇಷ್ಟೂ ಸಾಲಂಗಿಲ್ಲೇನು?’ ಅಂತ ಬೇಜಾರು ಮಾಡಿಕೊಂಡರು. ತಪ್ಪು ಅವರದಲ್ಲ, ಡಬ್ಬಿ ಕೊಟ್ಟವರು ಒಂದು ಮಾತು ಹೇಳಿರಲಿಲ್ಲ.

ಸರಿಯಾದ ರೀತಿ ಹೀಗೆ. ಬೆಳಿಗ್ಗೆ ಎದ್ದ ಕೂಡಲೇ, ಚಹಾಕ್ಕಿಂತ ಮುಂಚೆ. ಕಟ್ಟು ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಕಾಯಿಸಿ ಆರಿಸಿದ ನೀರಿನಿಂದ ಬಾಯಿ ಮುಕ್ಕಳಿಸಿ. ಪೇಸ್ಟು, ಬಾಯಿ ತೊಳೆಯುವ ಔಷಧ ಆಗ ಬೇಡ. ಒಮ್ಮೆ ಆಳವಾಗಿ ಉಸಿರೆಳೆದು ಕೆಲವು ಸೆಕೆಂಡ್ ಹಿಡಿದು ಬಿಡಿ. ಇನ್ನೊಮ್ಮೆ ಹಾಗೇ ಮಾಡಿ. ಮೂರನೆಯ ಸಲ ಉಸಿರೆಳೆದು ಹೊಟ್ಟೆ ಒತ್ತುವಂತೆ ಜೋರಾಗಿ ಕೆಮ್ಮಿ. ಬಂದದ್ದನ್ನು ನೇರ ಡಬ್ಬಿಗೆ ಬಿಡಿ. ಮೂಗಿನಿಂದ ಹಿಂದಕ್ಕೆಳೆದು ಕ್ಯಾಕರಿಸಿ ತೆಗೆದದ್ದು ಲೆಕ್ಕಕ್ಕಿಲ್ಲ, ಅದು ಸಿಂಬಳ. ಬೆಳಗಿನ ಕಫವೇ ಯಾಕೆ ಅಂದರೆ, ರಾತ್ರಿಯಿಡೀ ಮಲಗಿದಾಗ ಎದೆಯಲ್ಲಿ ಕೂಡಿಕೊಂಡದ್ದೆಲ್ಲ ಮೊದಲ ಕೆಮ್ಮಿಗೆ ಬರುತ್ತದೆ.

ಲ್ಯಾಬಿನೊಳಗೂ ಇದನ್ನು ಹಿಡಿಯುತ್ತಾರೆ. ನ್ಯುಮೋನಿಯಾಕ್ಕೆ ಕಲ್ಚರ್, ಅಂದರೆ ಕಫದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್, ಬರೆದಿದ್ದರೆ ಮೊದಲು ಮೈಕ್ರೋಸ್ಕೋಪಿನ ಕೆಳಗೆ ಎಣಿಸುತ್ತೇವೆ. ಒಂದು ನೋಟಕ್ಕೆ ಕೀವಿನ ಕಣ 25ಕ್ಕಿಂತ ಜಾಸ್ತಿ, ಬಾಯೊಳಗಿನ ಚಪ್ಪಟೆ ಕಣ 10ಕ್ಕಿಂತ ಕಡಿಮೆ ಇದ್ದರೆ ಅದು ಎದೆಯ ಕಫ. ತಿರುಗುಮುರುಗಾಗಿದ್ದರೆ ಉಗುಳು, ಇನ್ನೊಂದು ಸ್ಯಾಂಪಲ್ ಕೇಳುತ್ತಾರೆ. ಟಿಬಿ ಟೆಸ್ಟಿಗೆ ಈ ಎಣಿಕೆ ಅನ್ವಯಿಸುವುದಿಲ್ಲ, ಉಗುಳಿನಂಥ ಸ್ಯಾಂಪಲನ್ನೂ ಸುಮ್ನೆ ಹಚ್ಚಿ ನೋಡುವುದುಂಟು. ನೆಗೆಟಿವ್ ಬಂದಾಗ ಅನುಮಾನ ಉಳಿಯುವುದು ಅದಕ್ಕೇ.

ಕೆಮ್ಮು ಇದೆ, ಕಫವೇ ಬರ್ತಿಲ್ಲ

ಮೊದಲು ನೀರು. ಹಿಂದಿನ ಸಂಜೆಯಿಂದ ಚೆನ್ನಾಗಿ ನೀರು ಕುಡಿಯಿರಿ, ಡಾಕ್ಟರು ನೀರು ಕಡಿಮೆ ಕುಡಿಯಲು ಹೇಳಿಲ್ಲದಿದ್ದರೆ. ಬೆಳಿಗ್ಗೆ ಬಿಸಿನೀರಿನ ಹಬೆ ತೆಗೆದುಕೊಳ್ಳಿ, ಅಥವಾ ಬಿಸಿನೀರಿನ ಸ್ನಾನ ಮಾಡಿ, ಆಮೇಲೆ ಕೆಮ್ಮಿ ನೋಡಿ. ಒಂದು ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿ, ಇನ್ನೊಂದು ಮಗ್ಗುಲಿಗೆ ಹೊರಳಿ, ಎದ್ದು ಕೂತು ಕೆಮ್ಮಿದರೂ ಕೆಲವರಿಗೆ ಸಡಿಲವಾಗುತ್ತದೆ. ಒಂದೇ ಸಲಕ್ಕೆ ಬರದಿದ್ದರೆ ಅದೇ ಬೆಳಿಗ್ಗೆ ಎರಡು ಮೂರು ಸಲ ಅದೇ ಡಬ್ಬಿಗೆ ಸೇರಿಸಬಹುದು, ನಡುವೆ ಮುಚ್ಚಳ ಹಾಕಿಡಿ. ಎರಡು ಮೂರು ದಿನದ್ದನ್ನು ಕೂಡಿಹಾಕಿ ತರಬೇಡಿ.

ಇಷ್ಟಕ್ಕೂ ಬರದಿದ್ದರೆ ಮನೆಯ ಪ್ರಯತ್ನ ಅಲ್ಲಿಗೆ ಸಾಕು. ಆಸ್ಪತ್ರೆಯಲ್ಲಿ ಶೇಕಡ 3ರ ಉಪ್ಪುನೀರನ್ನು ನೆಬ್ಯುಲೈಜರಿನಲ್ಲಿ (ದ್ರವವನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರ) ಕೊಟ್ಟು ಕಫ ಬರಿಸುತ್ತಾರೆ. ಇದನ್ನು ನೋಡಿ ಮನೆಯಲ್ಲಿ ಉಪ್ಪು ಕಲಸಿ ನೆಬ್ಯುಲೈಜರಿಗೆ ಹಾಕುವ ಸಾಹಸ ಬೇಡ. ಉಬ್ಬಸ ಇರುವವರಿಗೆ ಶ್ವಾಸನಾಳ ಬಿಗಿದುಕೊಂಡು ಉಸಿರೇ ಸಿಗದ ಹಾಗಾಗಬಹುದು. ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಅವರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನ ಮೂಲಕ ಸಣ್ಣ ಕೊಳವೆ ಇಳಿಸಿ ಹೊಟ್ಟೆಯೊಳಗಿನ ದ್ರವ ತೆಗೆಯುತ್ತಾರೆ. ಮಗುವನ್ನು ಬೈದು, ಬೆನ್ನಿಗೆ ಗುದ್ದಿ ಕೆಮ್ಮಿಸಬೇಡಿ.

ಇನ್ನೊಂದು, ಹೇಳದೆ ಇರಲಾರೆ. ಕಫ ಬರಲಿಲ್ಲ ಅಂತ ಬೇರೆಯವರ ಕಫ ತರಬೇಡಿ. ಆ ರಿಪೋರ್ಟಿನ ಮೇಲೆ ತಿಂಗಳುಗಟ್ಟಲೆ ಮಾತ್ರೆ ತಿನ್ನಬೇಕಾಗಿ ಬರುವುದು ನೀವು.

ಬಣ್ಣ ಕೆಂಪು, ಕಂದು, ಅಥವಾ ಅನ್ನದ ಅಗುಳು

ನಮ್ಮ ಕಡೆ ಕೆಂಪು ಅಂದರೆ ಮೊದಲು ಎಲೆ ಅಡಿಕೆ, ಗುಟ್ಕಾ ನೆನಪಿಗೆ ಬರಬೇಕು. ಮಹಾರಾಷ್ಟ್ರಕ್ಕೆ ಬಂದ ಮೇಲೆ ನಮ್ಮ ಹೆಂಗಸರೂ ಕಲಿತ ಮಶೇರಿ, ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲುಜ್ಜುವುದು, ಕಫವನ್ನು ಕಪ್ಪು ಕಂದು ಮಾಡುತ್ತದೆ. ಅಗುಳು, ತಂಬಾಕಿನ ಚೂರು ಯಂತ್ರದ ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಂಡರೆ ಟೆಸ್ಟೇ ನಿಲ್ಲುತ್ತದೆ. ಪರಿಹಾರ ಪುಕ್ಕಟೆ. ಇವೆಲ್ಲ ಬಾಯಿಗೆ ಹೋಗುವ ಮೊದಲು ಸ್ಯಾಂಪಲ್ ಕೊಡಿ.

ಮುಕ್ಕಳಿಸಿದ ಮೇಲೂ ಕಫದಲ್ಲಿ ಕೆಂಪು ಎಳೆ ಬಂದರೆ ಅದು ರಕ್ತ. ಎಳೆಯಷ್ಟೇ ಇದ್ದರೆ ಸ್ಯಾಂಪಲ್ ಕೊಡಿ, ಲ್ಯಾಬಿನವರಿಗೆ ತಿಳಿಸಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಬಾಯಿ ತುಂಬ ರಕ್ತ ಬಂದರೆ, ಉಸಿರಾಡಲು ಕಷ್ಟವಾದರೆ, ತುಟಿ ನೀಲಿಯಾದರೆ ಡಬ್ಬಿ ಅಲ್ಲೇ ಬಿಡಿ, ಮತ್ತೆ ಕೆಮ್ಮಲು ಹೋಗಬೇಡಿ, ನೆಟ್ಟಗೆ ಕೂತು 108ಕ್ಕೆ ಫೋನ್ ಮಾಡಿಸಿ. ಮಹಾರಾಷ್ಟ್ರಕ್ಕೂ ಗೋವಾಕ್ಕೂ ಅದೇ ನಂಬರು.

ಕಿಟಕಿಯಲ್ಲೇ ವಾಪಸ್ ಕೊಟ್ಟರು

ಸೋರಿಕೆ, ಹೆಸರು, ಹೊತ್ತು. ಈ ಮೂರರಲ್ಲಿ ಒಂದಿರುತ್ತದೆ.

ಸೋರಿದ ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಮುಚ್ಚಳದ ತಿರುಪು ಓರೆಯಾಗಿ ಕೂತಿರುತ್ತದೆ, ಅಷ್ಟೇ. ಮನೆಯಿಂದ ಹೊರಡುವ ಮುಂಚೆಯೇ ನೋಡಿ, ಓರೆಯಿದ್ದರೆ ತೆಗೆದು ಮತ್ತೆ ನೇರ ತಿರುಗಿಸಿ, ಜಿಪ್ ಚೀಲದೊಳಗಿಟ್ಟು ನಿಲ್ಲಿಸಿಯೇ ತನ್ನಿ. ಬೆಳಗಿನ ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಪ್ಯಾಂಟ್ ಜೇಬಿನೊಳಗೆ ಖಂಡಿತ ಬೇಡ.

ಹೆಸರಿನ ಕತೆ ನಮ್ಮವರಿಗೆ ಮಾತ್ರ ಇರುವ ಪೀಕಲಾಟ. ಆಧಾರಿನಲ್ಲಿ ಶರಣಪ್ಪ, ಡಾಕ್ಟರ ಚೀಟಿಯಲ್ಲಿ ಶರನಪಾ, ಡಬ್ಬಿಯ ಮೇಲೆ ಅಪ್ಪಾ. ಅಡ್ಡಹೆಸರು ಕೇಳಿದರು ಅಂತ ಒಂದು ಕಡೆ ಊರಿನ ಹೆಸರು, ಇನ್ನೊಂದು ಕಡೆ ತಂದೆಯ ಹೆಸರು. ಚೀಟಿಗೂ ಡಬ್ಬಿಗೂ ತಾಳೆಯಾಗದಿದ್ದರೆ ಸ್ಯಾಂಪಲ್ ಹಿಡಿಯುವುದಿಲ್ಲ, ಅದೇ ಸರಿ ಕೂಡ. ಒಂದೇ ದಿನ ಮೂರು ಜನ ಯಲ್ಲಪ್ಪಂದಿರು ಬಂದರೆ ಯಾರ ಟಿಬಿ ಯಾರಿಗೆ? ಆಧಾರ್ ನೋಡಿ ಅಲ್ಲಿರುವ ಹಾಗೇ ಎಲ್ಲ ಕಡೆ ಬರೆಸಿ. ಬರೆಯುವುದು ಡಬ್ಬಿಯ ಮೈ ಮೇಲೆ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾಗುತ್ತದೆ. ತಾರೀಕು, ಹೊತ್ತು ಸೇರಿಸಿ.

ಹೊತ್ತಿನ ಮಾತು ಟೆಸ್ಟಿನ ಮೇಲೆ ನಿಂತಿದೆ. ನ್ಯುಮೋನಿಯಾದ ಕಲ್ಚರಿಗೆ 2 ಗಂಟೆಯೊಳಗೆ ತಲುಪಬೇಕು, ಆ ರೋಗಾಣುಗಳು ಬೇಗ ಸಾಯುತ್ತವೆ, ಬಾಯಿಯ ರೋಗಾಣುಗಳು ಬೆಳೆದು ಮೇಲೆ ಕೂರುತ್ತವೆ. ಟಿಬಿ ರೋಗಾಣು ಗಟ್ಟಿ ಪಿಂಡ. ಆದರೂ ಅದೇ ದಿನ ತಲುಪಿಸಿ. ಆಗದಿದ್ದರೆ ಐಸ್ ಪ್ಯಾಕ್ ಜೊತೆ ತಂಪಾಗಿಡಿ, ಫ್ರೀಜರಿನಲ್ಲಿ ಬೇಡ. ಪುಣೆಯ ಮೇ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಮಧ್ಯಾಹ್ನದವರೆಗೆ ಬೆಂದ ಡಬ್ಬಿಯಿಂದ ಕಲ್ಚರ್ ಆಗಲಿ ಅಂತ ಆಸೆಪಡುವುದು ವ್ಯರ್ಥ.

ಕ್ಯಾನ್ಸರ್ ಕಣ ಹುಡುಕಲು ಬರೆದಿದ್ದರೆ ಡಬ್ಬಿಯೇ ಬೇರೆ, ಅದರಲ್ಲಿ ಆಲ್ಕೋಹಾಲ್ ಇರುವ ದ್ರಾವಣ ಇರಬಹುದು. ಅದನ್ನು ಟಿಬಿ ಕಲ್ಚರಿಗೆ ಕೊಟ್ಟರೆ ರೋಗಾಣು ಸತ್ತಿರುತ್ತದೆ. ಎರಡೂ ಡಬ್ಬಿ ಕೊಟ್ಟಿದ್ದರೆ ಯಾವುದು ಯಾವುದಕ್ಕೆ ಅಂತ ಕೇಳಿಯೇ ಮನೆಗೆ ಹೋಗಿ.

ರಿಪೋರ್ಟಿನಲ್ಲಿ ಇನ್‌ವ್ಯಾಲಿಡ್, ಎರರ್

ಗಾಬರಿ ಬೇಡ. ಇದು ಪಾಸಿಟಿವೂ ಅಲ್ಲ, ನೆಗೆಟಿವೂ ಅಲ್ಲ. ಜೀನ್‌ಎಕ್ಸ್‌ಪರ್ಟ್ ಅಂದರೆ ಕಫದಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಯಂತ್ರ. ಅದಕ್ಕೆ ಹಾಕುವ ಪ್ರತಿ ಕಾರ್ಟ್ರಿಜ್ (ಕಫ ತುಂಬುವ ಪುಟ್ಟ ಡಬ್ಬಿ) ಒಳಗೆ ಅದರದೇ ಒಂದು ಪರೀಕ್ಷೆ ಇರುತ್ತದೆ. ಆ ಪರೀಕ್ಷೆಯೇ ಕೈಕೊಟ್ಟರೆ ಇನ್‌ವ್ಯಾಲಿಡ್ ಅನ್ನುತ್ತದೆ. ಕಫದಲ್ಲಿ ರಕ್ತ, ಅಗುಳು, ಏನೋ ಬೇಡದ್ದು ಇದ್ದಾಗ ಹಾಗಾಗುವುದುಂಟು. ಎರರ್ ಅಂದರೆ ಒತ್ತಡ ಜಾಸ್ತಿಯಾಯಿತು, ಕಾರ್ಟ್ರಿಜ್ ಸರಿಯಿಲ್ಲ, ಯಂತ್ರಕ್ಕೆ ಬಿಸಿ ಹತ್ತಿತು, ಇಂಥದ್ದು. ನೋ ರಿಸಲ್ಟ್ ಅಂದರೆ ಟೆಸ್ಟ್ ಅರ್ಧಕ್ಕೇ ನಿಂತಿದೆ, ಕರೆಂಟ್ ಹೋಗಿರಬಹುದು. ಮೂರಕ್ಕೂ ಉತ್ತರ ಒಂದೇ, ಮತ್ತೊಮ್ಮೆ ಟೆಸ್ಟ್. ಸರ್ಕಾರಿ ಕೇಂದ್ರದಲ್ಲಿ ಇದಕ್ಕೆ ದುಡ್ಡಿಲ್ಲ. ಖಾಸಗಿಯವರು ಮತ್ತೆ ಪೂರ್ತಿ ಬಿಲ್ ಹಾಕಿದರೆ ಕೇಳಿ, ಸುಮ್ಮನಿರಬೇಡಿ.

ಕೆಲವು ಕಡೆ ಅದೇ ಕೆಲಸ ಮಾಡುವ ಟ್ರೂನ್ಯಾಟ್ ಯಂತ್ರ ಇರುತ್ತದೆ. ಗೋವಾದಲ್ಲಿ ತಯಾರಾಗುವ ಯಂತ್ರ, ಹಿಂದಿನ ಸಂಶೋಧನೆ ಬೆಂಗಳೂರಿನದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಬ್ಯಾಟರಿಯಲ್ಲೂ ಓಡುತ್ತದೆ. ಸಣ್ಣ ಯಂತ್ರ ಅಂತ ಅನುಮಾನ ಬೇಡ, ಇದಕ್ಕೂ ಬೇಕಿರುವುದು ಅದೇ ಒಳ್ಳೆಯ ಕಫ.

ನೆಗೆಟಿವ್ ಬಂದಿದೆ, ಕೆಮ್ಮು ಮಾತ್ರ ನಿಂತಿಲ್ಲ

ಯಾವ ಟೆಸ್ಟ್ ಅಂತ ಮೊದಲು ನೋಡಿ. ಕಫವನ್ನು ಗಾಜಿನ ಸ್ಲೈಡಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣು ಇರಬೇಕು. ಜೀನ್‌ಎಕ್ಸ್‌ಪರ್ಟ್‌ಗೆ ನೂರು ನೂರಮೂವತ್ತರ ಆಸುಪಾಸು ಸಾಕು, ಅದರ ಹೊಸ ಅಲ್ಟ್ರಾ ಕಾರ್ಟ್ರಿಜ್‌ಗೆ ಇನ್ನೂ ಕಡಿಮೆ. ಅಂದರೆ ಸ್ಲೈಡ್ ನೆಗೆಟಿವ್ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಲಿಲ್ಲ.

ಎರಡನೆಯದು ಮೆಡಿಕಲ್ ಶಾಪಿನ ಮಾತ್ರೆ. ಕೆಮ್ಮು ಅಂತ ಹೋಗಿ ಕೇಳಿದರೆ ಲಿವೋಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟುಬಿಡುತ್ತಾರೆ. ಇದು ಟಿಬಿ ರೋಗಾಣುವನ್ನು ಅರ್ಧಂಬರ್ಧ ಹೊಡೆಯುತ್ತದೆ. ನಾಲ್ಕು ದಿನ ಹಗುರ ಅನ್ನಿಸುತ್ತದೆ, ಕಫದಲ್ಲಿ ರೋಗಾಣು ಕಾಣುವುದಿಲ್ಲ, ರೋಗ ಒಳಗೇ ಇರುತ್ತದೆ. ನನ್ನ ಲೆಕ್ಕದಲ್ಲಿ ರೋಗಿ ಮಾಡುವ ತಪ್ಪುಗಳಲ್ಲಿ ಇದಕ್ಕಿಂತ ದುಬಾರಿಯಾದದ್ದು ಇನ್ನೊಂದಿಲ್ಲ. ಏನು ನುಂಗಿದ್ದೀರೋ ಆ ಖಾಲಿ ಸ್ಟ್ರಿಪ್ ತಂದು ಡಾಕ್ಟರಿಗೆ ತೋರಿಸಿ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಇವುಗಳಲ್ಲಿ ಯಾವುದಿದ್ದರೂ ಒಳ್ಳೆಯ ಸ್ಯಾಂಪಲ್ ಇನ್ನೊಮ್ಮೆ ಕೊಡಿ, ಎಕ್ಸ್‌ರೇ ತೆಗೆಸಿ. ಅಲ್ಲೂ ಗೊತ್ತಾಗದಿದ್ದರೆ ಎದೆ ಡಾಕ್ಟರು ಕೊಳವೆ ಇಳಿಸಿ ಶ್ವಾಸಕೋಶದಿಂದಲೇ ಸ್ಯಾಂಪಲ್ ತೆಗೆಯುತ್ತಾರೆ. ಎಲ್ಲಿ ಹೋಗಬೇಕು ಗೊತ್ತಿಲ್ಲದಿದ್ದರೆ ಸರ್ಕಾರದ ನಿಕ್ಷಯ್ ಟಿಬಿ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿ ಮುಚ್ಚಿಡುವ ಹುಡುಗರಿಗೆ: ಟಿಬಿ ಅಂತ ಖಚಿತವಾದರೆ ಮಾತ್ರೆ ಪುಕ್ಕಟೆ, 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಊಟಕ್ಕೆ ಅಂತ ಬ್ಯಾಂಕ್ ಖಾತೆಗೆ ಹಾಕುತ್ತಾರೆ.

ಎರಡು ರಿಪೋರ್ಟ್, ಎರಡು ಮಾತು

ಸ್ಲೈಡ್ ಪಾಸಿಟಿವ್, ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಅಂತ ಬಂದರೆ ಅದು ಟಿಬಿಯ ದಾಯಾದಿ ರೋಗಾಣು ಇರಬಹುದು. ಅಂಥವು ನಲ್ಲಿ ನೀರಲ್ಲೂ ಇರುತ್ತವೆ. ಕಾಯಿಸಿ ಆರಿಸಿದ ನೀರಲ್ಲಿ ಮುಕ್ಕಳಿಸಿ ಅಂದದ್ದು ಇದಕ್ಕೂ ಸೇರಿಯೇ. ಕಲ್ಚರ್ ಆಗದೆ ಇದು ಬಗೆಹರಿಯುವುದಿಲ್ಲ. ಹಿಂದೊಮ್ಮೆ ಟಿಬಿ ಕೋರ್ಸ್ ಮುಗಿಸಿದವರಿಗೆ ಜೀನ್‌ಎಕ್ಸ್‌ಪರ್ಟ್ ಪಾಸಿಟಿವ್, ಕಲ್ಚರ್ ನೆಗೆಟಿವ್ ಅಂತ ಬರಬಹುದು. ಯಂತ್ರಕ್ಕೆ ಸತ್ತ ರೋಗಾಣುವಿನ ಡಿಎನ್‌ಎ ಕೂಡ ಕಾಣುತ್ತದೆ. ಹಳೆಯ ರೋಗದ ಮಾತನ್ನು ಮುಚ್ಚಿಡಬೇಡಿ, ಅದು ಗೊತ್ತಿಲ್ಲದೆ ಡಾಕ್ಟರಿಗೆ ಅರ್ಥ ಮಾಡುವುದು ಕಷ್ಟ. ಇಂಥ ಎರಡು ಮಾತಿನ ರಿಪೋರ್ಟ್ ಹಿಡಿದು ನೀವೇ ಮಾತ್ರೆ ನಿಲ್ಲಿಸುವುದೂ ಬೇಡ, ಶುರು ಮಾಡುವುದೂ ಬೇಡ.

ಕಲ್ಚರ್ ಕಂಟಾಮಿನೇಟೆಡ್ ಅಂತ ಬಂದರೆ ಬೇರೆ ರೋಗಾಣು ಬೆಳೆದು ಹಾಳಾಯಿತು ಅಂತ ಅರ್ಥ. ದ್ರವದ ಕಲ್ಚರ್ 42 ದಿನ, ಗಟ್ಟಿ ಮಾಧ್ಯಮದ್ದು 8 ವಾರ ಕಾಯುವ ಟೆಸ್ಟು, ಹಾಳಾದರೆ ಹೊಟ್ಟೆ ಉರಿಯುತ್ತದೆ ಅಲ್ವಾ. ಹೊಸ ಸ್ಯಾಂಪಲ್ ಕೊಡುವುದೇ ದಾರಿ, ಬಾಯಿ ಚೆನ್ನಾಗಿ ಮುಕ್ಕಳಿಸಿ, ಬೇಗ ತಲುಪಿಸಿ.

ಸ್ಲೈಡ್ ಮಾಡುವ ಹುಡುಗ ಹುಡುಗಿಯರಿಗೆ

ಸಣ್ಣ ಲ್ಯಾಬುಗಳಲ್ಲಿ ಈಗಷ್ಟೇ ಸೇರಿದ ನಮ್ಮವರು ಕೇಳುವ ದೂರುಗಳು ಇವು.

ಬಣ್ಣ ಹಾಕಿ ತೊಳೆದಾಗ ಕಫವೇ ಸ್ಲೈಡಿನಿಂದ ಎದ್ದು ಹೋಗುತ್ತಿದೆಯಾ? ಒಣಗುವ ಮೊದಲೇ ಬೆಂಕಿಗೆ ಹಿಡಿದಿದ್ದೀರಿ. 15ರಿಂದ 30 ನಿಮಿಷ ಗಾಳಿಯಲ್ಲೇ ಒಣಗಲಿ, ಆಮೇಲೆ ಜ್ವಾಲೆಯ ಮೇಲೆ ಮೂರ್ನಾಲ್ಕು ಸಲ ಹಾಯಿಸಿ. ಹಸಿ ಕಫಕ್ಕೆ ಬೆಂಕಿ ತಗುಲಿದರೆ ಚಿಟಿಚಿಟಿ ಸಿಡಿದು ಗಾಳಿಗೆ ಸೇರುತ್ತದೆ, ಅದು ನಿಮ್ಮ ಎದೆಗೇ ಕುತ್ತು. ಮೈಕ್ರೋಸ್ಕೋಪಿನಲ್ಲಿ ರೋಗಾಣುವಿನ ಸುತ್ತಲಿನ ಹಿನ್ನೆಲೆ ಕೆಂಪಾಗಿಯೇ ಉಳಿದರೆ ಲೇಪ ದಪ್ಪವಾಗಿದೆ ಅಥವಾ ಬಣ್ಣ ತೆಗೆಯುವ ಆಸಿಡ್ ಸಾಲಲಿಲ್ಲ. ಒಣಗಿದ ಸ್ಲೈಡನ್ನು ಪೇಪರ್ ಮೇಲೆ ಎತ್ತಿ ಹಿಡಿದರೆ ಅಕ್ಷರ ಮಸುಕಾಗಿ ಓದಲು ಬರಬೇಕು, ಅದೇ ಅಳತೆ. ಲೇಪ 2 ಸೆಂಟಿಮೀಟರಿಗೆ 3 ಸೆಂಟಿಮೀಟರ್ ಇರಲಿ. ಕಡ್ಡಿಯಿಂದ ಹಳದಿ ಚೂರನ್ನೇ ಆರಿಸಿ ತೆಗೆಯಿರಿ, ಮೇಲಿನ ನೊರೆಯನ್ನಲ್ಲ. ಬಣ್ಣ ಬಿಸಿ ಮಾಡುವಾಗ ಹಬೆ ಏಳಬೇಕು, ಕುದಿಯಬಾರದು. ಸ್ಲೈಡ್ ಮೇಲೆ ಹರಳು ಕಂಡರೆ ಬಣ್ಣ ಸೋಸಿಲ್ಲ, ಇಲ್ಲಾ ಬಿಸಿ ಮಾಡುವಾಗ ಒಣಗಿಹೋಗಿದೆ.

ಶೇಕಡ 25ರ ಸಲ್ಫ್ಯೂರಿಕ್ ಆಸಿಡ್ ಮಾಡುವಾಗ ಆಸಿಡನ್ನು ನೀರಿಗೆ ನಿಧಾನವಾಗಿ ಬಿಡಿ, ನೀರನ್ನು ಆಸಿಡಿಗೆ ಎಂದೂ ಸುರಿಯಬೇಡಿ.

ಜೀನ್‌ಎಕ್ಸ್‌ಪರ್ಟ್‌ನಲ್ಲಿ ಎರರ್ ಮೇಲೆ ಎರರ್ ಬಂದರೆ ಯಂತ್ರ ಬೈಯುವ ಮೊದಲು ಬೆರಕೆ ನೋಡಿ. ಕಫ ಒಂದು ಪಾಲು, ರಿಯೇಜೆಂಟ್ ಎರಡು ಪಾಲು, ನಡುವೆ ಅಲುಗಾಡಿಸುತ್ತಾ ಒಟ್ಟು 15 ನಿಮಿಷ. ಆಮೇಲೂ ಗಂಟು ಉಳಿದಿದ್ದರೆ ಹಾಗೇ ಹೀರಬೇಡಿ, ಇನ್ನೊಂದಿಷ್ಟು ಹೊತ್ತು ಬಿಟ್ಟು ಅಲುಗಿಸಿ. ಆದರೂ ಎರರ್ ಬಂದರೆ, ಅದೂ ಒಂದೇ ಮಾಡ್ಯೂಲಿನಲ್ಲಿ (ಕಾರ್ಟ್ರಿಜ್ ಕೂರುವ ಖಾನೆ) ಪದೇ ಪದೇ ಬಂದರೆ, ಆ ಮಾಡ್ಯೂಲ್ ನಿಲ್ಲಿಸಿ ಇಂಜಿನಿಯರನ್ನು ಕರೆಸಿ.

ಕಲ್ಚರ್ ಮಾತ್ರ ಸಣ್ಣ ಲ್ಯಾಬಿನ ಟೇಬಲ್ ಮೇಲೆ ಮಾಡುವ ಕೆಲಸ ಅಲ್ಲ. ಸುರಕ್ಷತಾ ಕ್ಯಾಬಿನೆಟ್ ಇಲ್ಲದೆ ಕಫವನ್ನು ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿ ಅಂತ ಮಾಲೀಕರು ಹೇಳಿದರೆ ಆಗಲ್ಲ ಅನ್ನಿ, ಸ್ಯಾಂಪಲ್ ಪ್ಯಾಕ್ ಮಾಡಿ ದೊಡ್ಡ ಲ್ಯಾಬಿಗೆ ಕಳಿಸಿ.